ಹೊಳೆಯ ಆ ದಡ, ಈ ದಡ

‘ಒಗ್ಗಟ್ಟಿನಲ್ಲಿ ಬಲವಿದೆ’ ಎಂದು ಚಿಕ್ಕಂದಿನಿಂದ ಕಾಪಿ ಬರೆದವರು ನಾವು. ಆ ಮಾತು ಎಲ್ಲೆಡೆಗೂ ಸಲ್ಲುತ್ತದೆಯೆಂಬ ನನ್ನ ನಂಬಿಕೆಯನ್ನು ಅಲುಗಿಸಿದ್ದು ಇಂಗ್ಲೆಂಡಿನ ರಗ್ಬಿ ಲೀಗ್ ಆಟದ ಚರಿತ್ರೆ.

ಈ ಆಟ ಹುಟ್ಟಿದ್ದೇ ಒಡಕಿನಿಂದ. ಶನಿವಾರ ರಗ್ಬಿ ಆಡಲು ಹೋದ ಗಣಿ, ಗಿರಣಿಗಳ ಕೂಲಿಗಾರನಿಗೆ ಅಂದಿನ ಕೂಲಿ ಖೋತಾ. ಆ ನಷ್ಟವನ್ನು ತುಂಬಿಕೊಡಲು ಆಟದ ಹಿರಿಯ ಮಂಡಳಿ ಒಪ್ಪಲಿಲ್ಲ. 1895ರ ಆಗಸ್ಟ್ 29ರಂದು ಉತ್ತರದ ಕ್ಲಬ್ಬುಗಳು ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಸೇರಿ ಬೇರೆ ಮನೆ ಹೂಡಿದವು.

ನೂರು ವರ್ಷ ತುಂಬುವ ಹೊತ್ತಿಗೆ, 1995ರ ಏಪ್ರಿಲಿನಲ್ಲಿ, ರೂಪರ್ಟ್ ಮರ್ಡಾಕರ ಸಂಸ್ಥೆ 7 ಕೋಟಿ 70 ಲಕ್ಷ ಪೌಂಡು ಕೊಡಲು ಮುಂದಾಯಿತು. ‘ಸೂಪರ್ ಲೀಗ್’ ಎಂಬ ಹೊಸ ಪಂದ್ಯಾವಳಿಗಾಗಿ ನೆರೆಯ ಕ್ಲಬ್ಬುಗಳು ಒಂದಾಗಬೇಕೆಂಬ ಯೋಜನೆಯೂ ಜೊತೆಗೇ ಬಂತು. ವೇಕ್‌ಫೀಲ್ಡ್, ಕ್ಯಾಸಲ್‌ಫರ್ಡ್, ಫೆದರ್‌ಸ್ಟನ್ ಕೂಡಿ ‘ಕಾಲ್ಡರ್’. ಹಲ್ ನಗರದ ಎರಡೂ ಕೂಡಿ ‘ಹಂಬರ್‌ಸೈಡ್’. ಕೈ ಬರಿದಾದ ಕ್ಲಬ್ಬುಗಳಿಗೆ ಇದು ತೀರ ತಪ್ಪು ಲೆಕ್ಕವೆನ್ನಲಾರೆ: ಒಂದೇ ಮೈದಾನ, ಒಂದೇ ಖರ್ಚು, ಎರಡು ಪಟ್ಟು ಪ್ರೇಕ್ಷಕರು.

ಆದರೆ ಪ್ರೇಕ್ಷಕರನ್ನು ಹಾಗೆ ಕೂಡಲು ಬರುತ್ತದೆಯೆ? ಹಲ್ ನಗರವನ್ನು ಅದೇ ಹೆಸರಿನ ಹೊಳೆ ಸೀಳಿದೆ. ಪಶ್ಚಿಮದವರಿಗೆ ಹಲ್ ಎಫ್.ಸಿ., ಪೂರ್ವದವರಿಗೆ ಕಿಂಗ್‌ಸ್ಟನ್ ರೋವರ್ಸ್. 1980ರಲ್ಲಿ ವೆಂಬ್ಲಿಯಲ್ಲಿ ನಡೆದ ಚಾಲೆಂಜ್ ಕಪ್ ಫೈನಲಿನಲ್ಲಿ ಇವೆರಡೇ ಎದುರುಬದುರಾದವು. ರೋವರ್ಸ್ 10-5ರಿಂದ ಗೆದ್ದಿತು. ಅಂದು ಊರಿಗೆ ಊರೇ ಲಂಡನ್ನಿಗೆ ಹೊರಟದ್ದು ಈ ಪೈಪೋಟಿಯಿಂದ. ಎದುರಾಳಿಯನ್ನು ಕಳೆದರೆ ಅರ್ಧ ಆಟವನ್ನೇ ಕಳೆದಂತೆ.

ಅಭಿಮಾನಿಗಳು ಸಿಡಿದೆದ್ದರು. ಕೆಲವೇ ವಾರಗಳಲ್ಲಿ ವಿಲೀನದ ಯೋಜನೆ ಬಿದ್ದುಹೋಯಿತು. ಹಟಕ್ಕೆ ಬೆಲೆಯನ್ನೂ ತೆರಬೇಕಾಯಿತು, ನಿಜ. 1996ರಲ್ಲಿ ಸೂಪರ್ ಲೀಗ್ ಹನ್ನೆರಡು ಕ್ಲಬ್ಬುಗಳೊಡನೆ ಮೊದಲಾದಾಗ ಹಲ್ ನಗರದ ಎರಡಕ್ಕೂ ಎಡೆಯಿರಲಿಲ್ಲ. ರೋವರ್ಸ್ 2007ರವರೆಗೆ ಕಾಯಬೇಕಾಯಿತು. 1967, 1973, 1983ರಲ್ಲಿ ಚಾಲೆಂಜ್ ಕಪ್ ಗೆದ್ದಿದ್ದ ಗಣಿಯೂರು ಫೆದರ್‌ಸ್ಟನ್ನೂ ಹೊರಗುಳಿಯಿತು.

ಕೂಡಿದವರ ಪಾಡೇನಾಯಿತು? ಹಡರ್ಸ್‌ಫೀಲ್ಡ್, ಶೆಫೀಲ್ಡ್ ಕ್ಲಬ್ಬುಗಳು 2000ದಲ್ಲಿ ಜೋಡಿ ಹೆಸರಿನಿಂದ ಆಡಿ ಕಟ್ಟಕಡೆಯ ಸ್ಥಾನ ಪಡೆದವು. ಮರುವರ್ಷ ಹೆಸರಿನಿಂದ ಶೆಫೀಲ್ಡ್ ಬಿಟ್ಟುಹೋಯಿತು.

2025ರಲ್ಲಿ ರೋವರ್ಸ್ ಚಾಲೆಂಜ್ ಕಪ್ಪನ್ನೂ ಸೂಪರ್ ಲೀಗನ್ನೂ ಗೆದ್ದಿತು. ಆ ಪಟ್ಟಿಯಂತೆ ನಡೆದಿದ್ದರೆ ಗೆಲ್ಲಲು ಆ ಹೆಸರಿನ ಕ್ಲಬ್ಬೇ ಇರುತ್ತಿರಲಿಲ್ಲ. ಗೆಲ್ಲದಿದ್ದರೂ ನನ್ನ ಅಭಿಪ್ರಾಯ ಇದೇ: ಕೂಡುವುದೋ ಬಿಡುವುದೋ ಎಂಬ ತೀರ್ಮಾನ ದುಡ್ಡು ಹಾಕುವವನೊಬ್ಬನದಲ್ಲ, ಸೋಲುವ ತಂಡಕ್ಕಾಗಿ ಮಳೆಯಲ್ಲಿ ನಿಂತವರದೂ ಹೌದು.