ಹಾಜರಿ ಪುಸ್ತಕದಲ್ಲಿಲ್ಲದ ಕಾಲಂ

ನಾನು ಹಂಪಸಾಗರದಲ್ಲಿ ನಾಲ್ಕನೇ ತರಗತಿಗೆ ಪಾಠ ಹೇಳುತ್ತಿದ್ದ ಕಾಲ, 1996ನೇ ಇಸವಿ. ಹದಿಮೂರರ ಮಗ್ಗಿಯನ್ನು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಿದ್ದ ಹುಡುಗನೊಬ್ಬ ದಸರಾ ರಜೆ ಕಳೆದು ಬಂದಮೇಲೆ ಏಳರ ಮಗ್ಗಿಗೇ ತಡವರಿಸತೊಡಗಿದ. ಪಕ್ಕದವನ ಪಾಟಿ ಒಡೆದ. ಮಧ್ಯಾಹ್ನವಾದರೆ ತೂಕಡಿಕೆ. ನಾನು ಮಾಡಿದ್ದಿಷ್ಟೇ, ಅವನನ್ನು ಬಾಗಿಲ ಹೊರಗೆ ನಿಲ್ಲಿಸಿದೆ. ಹಾಜರಿ ಪುಸ್ತಕದಲ್ಲಿ 'ಗೈರು' ಎಂದು ಬರೆಯಲು ಜಾಗವಿದೆ, ಅಂಕಪಟ್ಟಿಯಲ್ಲಿ 'ಅಭ್ಯಾಸ ಸಾಲದು' ಎನ್ನಲೂ ಇದೆ. 'ರಾತ್ರಿಯೆಲ್ಲ ಅಪ್ಪ ಅವ್ವ ಜಗಳಾಡಿದರು' ಎಂದು ಬರೆಯಲು ಯಾವ ಕಾಲಂ?

ಸಂಗತಿ ತಿಳಿದದ್ದು ನಲ್ಲಿಯ ಹತ್ತಿರ, ನೆರೆಯಾಕೆಯ ಬಾಯಿಂದ. ಅಷ್ಟರಲ್ಲಿ ತಾಯಿ ಮಗನನ್ನು ಕರೆದುಕೊಂಡು ಹಡಗಲಿ ಕಡೆಯ ತವರಿಗೆ ಹೋಗಿದ್ದಳು. ಅಲ್ಲಿಯ ಶಾಲೆಯೊಂದರಲ್ಲಿ, "ತಂದೆಯ ಸಹಿ ತನ್ನಿ, ಆಮೇಲೆ ಸೇರಿಸಿಕೊಳ್ಳುತ್ತೇವೆ" ಎಂದರಂತೆ. ಆಕೆ ನನ್ನ ಬಳಿ ಚೀಟಿ ಬರೆಸಿಕೊಳ್ಳಲು ಬಂದಳು. ಬಿ.ಎ., ಬಿ.ಎಡ್. ಓದಿದ ನಾನು ಹೇಳಿದ್ದೇನು? "ಮಗುವಿನ ಮುಖ ನೋಡಿಯಾದರೂ ಹೊಂದಿಕೊಂಡು ಹೋಗಮ್ಮಾ."

ಆ ಸಹಿಯ ಕಥೆಯನ್ನು ಆಮೇಲೆ ಹುಡುಕಿ ಓದಿದೆ. ನಮ್ಮ ಈ ಸೀಮೆ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿಗೆ ಸೇರಿತ್ತು. ಧಾರವಾಡ ಜಿಲ್ಲೆಯಿದ್ದ ಮುಂಬಯಿ ಪ್ರಾಂತ್ಯದಲ್ಲಿ 1947ರಲ್ಲಿ ಹಿಂದೂ ವಿಚ್ಛೇದನದ ಕಾಯಿದೆ ಬಂತು; ಮದ್ರಾಸಿನಲ್ಲಿ 1949ರಲ್ಲಿ. ಇಬ್ಬರನ್ನು ಮದುವೆಯಾಗುವುದನ್ನೂ ಅದೇ ಕಾಯಿದೆ ನಿಷೇಧಿಸಿತು. ಹೊಳೆಯ ಮೇಲೆ ಅಣೆಕಟ್ಟು ಏಳುತ್ತಿದ್ದ ವರ್ಷಗಳವು. ಊರಿಗೆ ನೀರು ಬರುತ್ತದೆಂಬ ಸುದ್ದಿಯಷ್ಟು ಬೇಗ ಈ ಕಾಯಿದೆಯ ಸುದ್ದಿ ಹೆಂಗಸರ ಕಿವಿಗೆ ಬಿದ್ದಿರಲಾರದೆಂದು ನನ್ನ ಎಣಿಕೆ. 1955ರ ಹಿಂದೂ ವಿವಾಹ ಕಾಯಿದೆಯ 26ನೇ ಕಲಮಿನಲ್ಲಿ ಮಕ್ಕಳ ವಶ, ಪೋಷಣೆಯ ಜೊತೆಗೆ ವಿದ್ಯಾಭ್ಯಾಸವೂ ಬಂತು. ಸಾಧ್ಯವಾದಲ್ಲಿ ಮಗುವಿನ ಇಚ್ಛೆಯಂತೆ, ಎಂಬ ಮಾತೂ ಇದೆ. ಮಗುವನ್ನೇ ಕೇಳಬಹುದೆಂದು ಕಾಯಿದೆಗೆ ಹೊಳೆದಿತ್ತು, ನನಗೆ ಹೊಳೆದಿರಲಿಲ್ಲ!

ಮರುವರ್ಷ, 1956ರಲ್ಲಿ, ಇನ್ನೊಂದು ಕಾಯಿದೆ ಸಹಜ ಪೋಷಕ ತಂದೆ, 'ಅವನ ನಂತರ' ತಾಯಿ ಎಂದಿತು. ಆ 'ನಂತರ'ವೆಂಬುದನ್ನು ಬಹಳ ವರ್ಷ ತಂದೆ ಸತ್ತ ಮೇಲೆ ಎಂದೇ ತಿಳಿದರು. ಲೇಖಕಿ ಗೀತಾ ಹರಿಹರನ್ ಮಗನ ಹೆಸರಿನಲ್ಲಿ ಬಾಂಡ್ ಕೊಳ್ಳಲು ಹೋದಾಗ ರಿಸರ್ವ್ ಬ್ಯಾಂಕ್ ಕೇಳಿದ್ದೂ ತಂದೆಯ ಸಹಿಯನ್ನೇ. ದಿಲ್ಲಿಯ ಓದುಬರಹ ಬಲ್ಲವರ ಗತಿಯೇ ಹೀಗಾದರೆ ನಮ್ಮ ಹುಡುಗನ ತಾಯಿಯ ಮಾತೇನು? 1999ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ತಂದೆ ಬದುಕಿದ್ದೂ ಮಗುವಿನ ಹೊಣೆ ಹೊರದಿದ್ದರೆ ತಾಯಿಯೇ ಸಹಜ ಪೋಷಕಿ ಎಂದು ಅರ್ಥ ಹೇಳಿತು. ನಮ್ಮ ಹುಡುಗನಿಗೆ ಅದು ಎರಡು ವರ್ಷ ತಡವಾಯಿತು.

ಇನ್ನು ನನ್ನ ಬುದ್ಧಿಮಾತು. ಇಂಗ್ಲೆಂಡಿನ ಮನೋವೈದ್ಯ ಮೈಕೆಲ್ ರಟ್ಟರ್ 1970ರ ದಶಕದ ಮೊದಲಲ್ಲೇ ಬರೆದಿದ್ದರು: ತಂದೆಯೋ ತಾಯಿಯೋ ತೀರಿಹೋದ ಮನೆಗಿಂತ ಬಿಡದೆ ಜಗಳ ನಡೆಯುವ ಮನೆಯ ಗಂಡುಹುಡುಗರಲ್ಲಿ ಪುಂಡತನ ಹೆಚ್ಚು, ಅಗಲಿಕೆಗಿಂತ ಕೆಡಿಸುವುದು ಕಲಹ. ಹಾಗೆಂದು ಮನೆ ಬಿಟ್ಟು ಹೊರಡುವುದು ಸುಲಭವೇ? ಅಲ್ಲ. ಆದರೆ ನಾನು ಆ ಹುಡುಗನನ್ನು ಮತ್ತೆ ಅದೇ ರಾತ್ರಿಗಳಿಗೆ ಕಳಿಸಲು ನೋಡಿದೆನಲ್ಲ.

ಆಕೆ ಸುಮ್ಮನೆ ಕೇಳಿಸಿಕೊಂಡು, ಚೀಟಿ ಇಲ್ಲದೆಯೇ ಬಸ್ ಹತ್ತಿದಳು. ಹುಡುಗ ಆ ವರ್ಷ ಪರೀಕ್ಷೆಗೂ ಬರಲಿಲ್ಲ. ಅವನ ಹೆಸರಿನ ಮುಂದೆ 'ದೀರ್ಘ ಗೈರುಹಾಜರಿ' ಎಂದು ಬರೆದವಳು ನಾನೇ.