ಮಂಡಕಳ್ಳಿಯ ಬಯಲು

ಮೈಸೂರು ಬಿಟ್ಟು ನಂಜನಗೂಡಿನ ದಾರಿ ಹಿಡಿದರೆ ಚಾಮುಂಡಿಬೆಟ್ಟ ಹಿಂದಾಗುತ್ತಿದ್ದಂತೆ ಮಂಡಕಳ್ಳಿ ಬರುತ್ತದೆ. ಹಳೆಯ ದಾರಿ ಇದು. ನಂಜುಂಡೇಶ್ವರನ ಜಾತ್ರೆಗೆ ಹೋಗುವವರು, ಗುಂಡ್ಲುಪೇಟೆಯ ತರಕಾರಿ ಲಾರಿಗಳು, ಊಟಿಗೆ, ವಯನಾಡಿಗೆ ಹೊರಟ ಪ್ರವಾಸಿಗರು ಎಲ್ಲರೂ ಇಲ್ಲಿಂದಲೇ ಹಾಯಬೇಕು. ಚಾಮರಾಜನಗರದ ರೈಲೂ ಈ ಸೀಮೆಯಲ್ಲೇ ಓಡುತ್ತದೆ. ಇದೇ ದಾರಿಯಲ್ಲಿ ಮುಂದೆ ಕಪಿಲೆಗೆ 1735ರಲ್ಲಿ ದಳವಾಯಿ ದೇವರಾಜಯ್ಯ ಕಟ್ಟಿಸಿದ ಕಲ್ಲಿನ ಸೇತುವೆಯಿದೆ. ಎತ್ತಿನ ಗಾಡಿಗೆಂದು ಕಟ್ಟಿದ್ದು ಮುಂದೆ ರೈಲನ್ನೂ ಹೊತ್ತಿತು.

ಮೈಸೂರಿನ ವಿಮಾನ ನಿಲ್ದಾಣ ಇರುವುದು ಈ ಮಂಡಕಳ್ಳಿಯಲ್ಲಿ. 1940ರಲ್ಲಿ ಮೈಸೂರು ಸಂಸ್ಥಾನ ಇಲ್ಲಿನ ಬಯಲನ್ನು ವಿಮಾನ ಇಳಿಯುವಂತೆ ಹದಗೊಳಿಸಿತು. ಆ ವರ್ಷವೇ ಆಗಸ್ಟ್‌ನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡರು, ಜಯಚಾಮರಾಜ ಒಡೆಯರು ಪಟ್ಟಕ್ಕೆ ಬಂದರು. ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದರ ಜೊತೆಗೂಡಿ ಸಂಸ್ಥಾನ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಶುರುಮಾಡಿತು. ವಿಮಾನವೆಂದರೆ ಜನ ಹೊಲ ಬಿಟ್ಟು ಓಡಿಬಂದು ನೋಡುತ್ತಿದ್ದ ಕಾಲದಲ್ಲಿ ಒಂದು ಸಂಸ್ಥಾನ ಅಷ್ಟು ದೂರ ಯೋಚಿಸಿತ್ತೆಂಬುದು ನಾವು ಹೆಮ್ಮೆಪಡಬೇಕಾದ ಸಂಗತಿ.

ಸ್ವಾತಂತ್ರ್ಯ ಬಂದ ಮೇಲೆ ನಿಲ್ದಾಣ ಕೇಂದ್ರ ಸರ್ಕಾರದ ಕೈಗೆ ಹೋಯಿತು. ಬೆಂಗಳೂರಿಗೆ ಡಕೋಟಾ ವಿಮಾನ ಕೆಲವು ತಿಂಗಳು ಹಾರಿ ನಿಂತಿತು. 1980ರ ದಶಕದಲ್ಲಿ ವಾಯುದೂತ ಸಂಸ್ಥೆಯ ವಿಮಾನ ಬಂತು, ಅದೂ ಹೋಯಿತು. ಆಮೇಲೆ ಹುಲ್ಲು ಬೆಳೆದ ವರ್ಷಗಳೇ ಹೆಚ್ಚು. 2010ರ ಮೇ 15ರಂದು ಹೊಸ ಟರ್ಮಿನಲ್ ಉದ್ಘಾಟನೆಯಾದಾಗ ಇನ್ನು ಮುಂದೆ ಹಾಗಾಗದೆಂದು ಊರು ನಂಬಿತು. ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್ ಬೆಂಗಳೂರಿಗೆ ಹಾರಾಟ ಆರಂಭಿಸಿತು, ಮರುವರ್ಷವೇ ಬಿಟ್ಟಿತು. 2013ರಲ್ಲಿ ಸ್ಪೈಸ್‌ಜೆಟ್ ಬಂದು 2014ರಲ್ಲಿ ಹೊರಟಿತು. 2017ರಲ್ಲಿ ಉಡಾನ್ ಯೋಜನೆಯಲ್ಲಿ ಟ್ರೂಜೆಟ್ ಚೆನ್ನೈಗೆ ಹಾರಿತು. 2019ರಲ್ಲಿ ಅಲಯನ್ಸ್ ಏರ್ ಬೆಂಗಳೂರು, ಹೈದರಾಬಾದ್, ಕೊಚ್ಚಿ, ಗೋವಾ ಎಂದು ನಾಲ್ಕು ಊರುಗಳನ್ನು ಒಟ್ಟಿಗೆ ಕೊಟ್ಟಾಗ ಮಂಡಕಳ್ಳಿ ಮೊದಲ ಸಲ ನಿಜವಾದ ನಿಲ್ದಾಣದಂತೆ ಕಂಡಿತು. ಆದರೆ ಉಡಾನ್‌ನಲ್ಲಿ ಒಂದು ಮಾರ್ಗಕ್ಕೆ ಸರ್ಕಾರ ಕೊಡುವ ನಷ್ಟಭರ್ತಿ ಹಣ ಮೂರು ವರ್ಷಕ್ಕಷ್ಟೆ. ಅದು ಮುಗಿದ ಮೇಲೆ ಎಪ್ಪತ್ತು ಚಿಲ್ಲರೆ ಸೀಟಿನ ವಿಮಾನ ತನ್ನ ಖರ್ಚನ್ನು ತಾನೇ ದುಡಿದುಕೊಳ್ಳಬೇಕು. ಒಂದೊಂದಾಗಿ ಮಾರ್ಗಗಳು ಉದುರಿದವು.

ಮೈಸೂರಿನವರು ವಿಮಾನ ಹತ್ತುವುದಿಲ್ಲ, ಅದಕ್ಕೇ ಹೀಗೆ ಎಂಬ ಮಾತಿದೆ. ಇದನ್ನು ನಾನು ಒಪ್ಪುವುದಿಲ್ಲ. ದೇವನಹಳ್ಳಿಗೆ ಹೋಗುವ ಕೆಎಸ್‌ಆರ್‌ಟಿಸಿಯ ಫ್ಲೈಬಸ್ಸುಗಳನ್ನೇ ನೋಡಿ. ಮೈಸೂರಿನ ಜನ ರಾತ್ರಿ ನಿದ್ದೆಗೆಟ್ಟು ಬಸ್ಸು, ಟ್ಯಾಕ್ಸಿ ಹತ್ತಿ, ಇಡೀ ಬೆಂಗಳೂರನ್ನು ದಾಟಿ, ಅದರ ಉತ್ತರದ ತುದಿಯಲ್ಲಿ ವಿಮಾನ ಹಿಡಿಯುತ್ತಾರೆ. ಪ್ರಯಾಣಿಕರಿದ್ದಾರೆ. ಅವರು ಹೋಗಬೇಕಾದದ್ದು ದೆಹಲಿಗೆ, ಮುಂಬೈಗೆ, ಕೊಲ್ಲಿ ದೇಶಗಳಿಗೆ. ಮಂಡಕಳ್ಳಿ ಅವರಿಗೆ ಮತ್ತೆ ಮತ್ತೆ ತೋರಿಸಿದ್ದು ಬೆಂಗಳೂರನ್ನು. 2023ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ಹತ್ತು ಪಥದ ಹೆದ್ದಾರಿ ತೆರೆದ ಮೇಲಂತೂ ಅರ್ಧ ಗಂಟೆಯ ಆ ಹಾರಾಟಕ್ಕೆ ಅರ್ಥವೇ ಉಳಿಯಲಿಲ್ಲ.

ದೂರದ ಊರಿಗೆ ಹಾರಲು ದೊಡ್ಡ ವಿಮಾನ ಬೇಕು, ದೊಡ್ಡ ವಿಮಾನಕ್ಕೆ ಉದ್ದದ ರನ್‌ವೇ ಬೇಕು. ಮಂಡಕಳ್ಳಿಯ ರನ್‌ವೇ 1,740 ಮೀಟರ್. ರೆಕ್ಕೆಯಲ್ಲಿ ಪಂಖ ತಿರುಗುವ ಎಟಿಆರ್ ವಿಮಾನಗಳಿಗೆ ಅದು ಸಾಕು. ಏರ್‌ಬಸ್ 320, ಬೋಯಿಂಗ್ 737 ತುಂಬಿದ ಹೊರೆಯಲ್ಲಿ ಇಳಿದೇಳಲು 2,750 ಮೀಟರ್ ಬೇಕೆಂಬುದು ಇಲ್ಲಿನ ವಿಸ್ತರಣೆಯ ಲೆಕ್ಕ. ಇನ್ನೊಂದು ಸಾವಿರ ಮೀಟರ್ ಅಷ್ಟೇ. ಆ ಸಾವಿರ ಮೀಟರ್‌ಗೆ ಅಡ್ಡವಾಗಿರುವುದು ಮೊದಲು ಹೇಳಿದ ಹಳೆಯ ದಾರಿ. ರನ್‌ವೇ ಪೂರ್ವ ಪಶ್ಚಿಮವಾಗಿ ಮಲಗಿದೆ, ಹೆದ್ದಾರಿ ಉತ್ತರ ದಕ್ಷಿಣವಾಗಿ ಹರಿದಿದೆ. ಹೆದ್ದಾರಿಯನ್ನು ರನ್‌ವೇ ಅಡಿಯಲ್ಲಿ ಅಂಡರ್‌ಪಾಸ್ ಮಾಡಿ ಕಳಿಸಬೇಕು, ಇಲ್ಲವೇ ಸುತ್ತುಹಾಕಿಸಬೇಕು. ಜೊತೆಗೆ ಸುಮಾರು 240 ಎಕರೆ ಜಮೀನು ಬೇಕು.

ಈ 240 ಎಕರೆಯ ಮಾತು ನಗರದಲ್ಲಿ ಒಂದು ಸಂಖ್ಯೆಯಾಗಿ ಓಡಾಡುತ್ತದೆ. ಮಂಡಕಳ್ಳಿ, ಮರಸೆಯ ಕಡೆಗೆ ಅದು ರಾಗಿ, ಹುರುಳಿ ಬೆಳೆಯುವ ಹೊಲ. ಭೂಸ್ವಾಧೀನದ ಸುದ್ದಿ ಬಿದ್ದ ಜಮೀನಿನ ಪಾಡು ಹಳ್ಳಿಯಲ್ಲಿ ಬಾಳಿದವರಿಗೆ ಗೊತ್ತು. ಅದನ್ನು ಮಾರಲು ಹೋದರೆ ಕೊಳ್ಳುವವನು ಹಿಂದೆಗೆಯುತ್ತಾನೆ. ಬೋರ್‌ವೆಲ್ ಕೊರೆಸಲು, ತೆಂಗು ನೆಡಲು, ಮನೆ ಎಬ್ಬಿಸಲು ಕೈ ಬರುವುದಿಲ್ಲ. ಅಣ್ಣತಮ್ಮಂದಿರ ಪಾಲು ಪಾರೀಕತ್ತು ಪರಿಹಾರದ ಹಣ ಬರಲೆಂದು ಮುಂದಕ್ಕೆ ಹೋಗುತ್ತದೆ. ವಿಮಾನ ನಿಲ್ದಾಣ ಬೆಳೆಯದೆ ಉಳಿದರೆ ನಗರಕ್ಕೆ ಅನಾನುಕೂಲ. ಬೆಳೆಯುತ್ತದೋ ಇಲ್ಲವೋ ಎಂದು ತಿಳಿಯದಿದ್ದರೆ ಈ ಮನೆಗಳಿಗೆ ಬದುಕೇ ತಡೆದು ನಿಲ್ಲುತ್ತದೆ.

ಈ ನಡುವೆ ದೇಶದ ನಿಲ್ದಾಣಗಳು ಕೈ ಬದಲಾಯಿಸುತ್ತಿವೆ. 2020ರ ಅಕ್ಟೋಬರ್ ಕೊನೆಗೆ ಮಂಗಳೂರು ನಿಲ್ದಾಣ ಐವತ್ತು ವರ್ಷದ ಗುತ್ತಿಗೆಯಲ್ಲಿ ಅದಾನಿ ಸಂಸ್ಥೆಗೆ ಹೋಯಿತು. 2021ರಲ್ಲಿ ಕೇಂದ್ರ ಪ್ರಕಟಿಸಿದ ಆಸ್ತಿ ನಗದೀಕರಣದ ಪಟ್ಟಿಯಲ್ಲಿ ಹುಬ್ಬಳ್ಳಿಯ ಹೆಸರಿತ್ತು, ಮೈಸೂರಿನದು ಇರಲಿಲ್ಲ. ದೊಡ್ಡ ನಿಲ್ದಾಣಗಳ ಗಳಿಕೆಯಿಂದ ಸಣ್ಣವನ್ನು ಸಾಕುವುದು ವಿಮಾನ ನಿಲ್ದಾಣ ಪ್ರಾಧಿಕಾರ ನಡೆಸಿಕೊಂಡು ಬಂದ ರೀತಿ. ಗಳಿಸುವವು ಖಾಸಗಿಯವರಿಗೆ ಹೋದಷ್ಟೂ ಮಂಡಕಳ್ಳಿಯಂಥವನ್ನು ಸಾಕುವ ಬೊಕ್ಕಸ ಬಡವಾಗುತ್ತದೆ. ಹಾಗೆಂದು ಖಾಸಗಿಯವರು ಬಂದು ಈ ಅಂಡರ್‌ಪಾಸ್ ತೋಡುತ್ತಾರೆಂದು ಕಾಯುವುದು ತಪ್ಪು. ಹೆದ್ದಾರಿ ತಿರುಗಿಸುವುದು, ಜಮೀನು ಕೊಳ್ಳುವುದು, ರೈತರಿಗೆ ಉತ್ತರ ಹೇಳುವುದು ಸರ್ಕಾರದಿಂದಲೇ ಆಗಬೇಕಾದ ಕೆಲಸ.

ಬೆಂಗಳೂರಿನ ಹೊಸ ನಿಲ್ದಾಣದ ಒಪ್ಪಂದದಲ್ಲಿ 150 ಕಿಲೋಮೀಟರ್ ಒಳಗೆ ಮತ್ತೊಂದು ಅಂತರರಾಷ್ಟ್ರೀಯ ನಿಲ್ದಾಣ ಬೇಡವೆಂಬ ಕಟ್ಟಳೆ ಹಾಕಿದಾಗಲೂ ಮೈಸೂರು, ಹಾಸನಗಳಿಗೆ ವಿನಾಯಿತಿ ಇಟ್ಟಿದ್ದರು. ಅಂದರೆ ದಾರಿ ಮುಚ್ಚಿರಲಿಲ್ಲ. ನಾವೇ ನಡೆಯಲಿಲ್ಲ. ಅಷ್ಟರಲ್ಲಿ 2018ರ ಡಿಸೆಂಬರ್‌ನಲ್ಲಿ ಕಣ್ಣೂರಿನ ನಿಲ್ದಾಣ ತೆರೆದು ಕೊಡಗಿನ ಪ್ರಯಾಣಿಕರಿಗೆ ಹತ್ತಿರವಾಯಿತು. 2023ರ ಫೆಬ್ರವರಿಯಲ್ಲಿ ಶಿವಮೊಗ್ಗದ ಸೋಗಾನೆಯಲ್ಲಿ ರಾಜ್ಯ ಸರ್ಕಾರವೇ ಕಟ್ಟಿಸಿದ, 3,200 ಮೀಟರ್ ರನ್‌ವೇಯ ನಿಲ್ದಾಣ ತೆರೆಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ನಮ್ಮ ಸದನದಲ್ಲಿ ಮಂಡಕಳ್ಳಿಯ ಮಾತು ಬಂದದ್ದು ನಿಲ್ದಾಣಕ್ಕೆ ಯಾರ ಹೆಸರಿಡಬೇಕೆಂಬ ಜಗಳದಲ್ಲಿ.

2024ರಿಂದ ಮೈಸೂರಿನ ಸಂಸದರು ಈ ಬಯಲನ್ನು ಹದಗೊಳಿಸಿದ ರಾಜಮನೆತನದವರೇ. ಈ ಸೀಮೆಯ ವರುಣ ಸಿದ್ದರಾಮಯ್ಯನವರ ಸ್ವಂತ ಕ್ಷೇತ್ರ. ಇಬ್ಬರ ಪಕ್ಷ ಬೇರೆ, ಊರು ಒಂದೇ. ಹೆದ್ದಾರಿಯ ಕೆಲಸ ಯಾವಾಗ ಶುರು, ಹಣ ಯಾರದು ಎಂಬುದನ್ನು ಅವರು ಒಟ್ಟಿಗೆ ಕೂತು ದಿನಾಂಕ ಹಾಕಿ ಹೇಳಲಿ. ಜಮೀನು ಬೇಕೆಂದಾದರೆ ರೈತರ ಪರಿಹಾರವನ್ನು ಮೊದಲು ಸಂದಾಯ ಮಾಡಲಿ. ಬೇಡವೆಂದಾದರೆ ಆ ಹೊಲಗಳ ಮೇಲಿನ ತಡೆ ತೆಗೆಯಲಿ.