ಒಂದೇ ಶಿಲೆ, ಎರಡು ರಾಜ್ಯ: ಮಾರ್ಸೆಲಸ್ ಅನಿಲದ ರಾಜಕಾರಣ ಮತ್ತು ಸ್ಥಳೀಯ ಅರ್ಥವ್ಯವಸ್ಥೆ

ಮಾರ್ಸೆಲಸ್ ಶೇಲ್ ಅಮೆರಿಕದ ಅಪಲೇಶಿಯನ್ ಸೀಮೆಯ ನೆಲದಡಿ ಹರಡಿರುವ ಕಪ್ಪು ಶಿಲಾಪದರ. ಸುಮಾರು 39 ಕೋಟಿ ವರ್ಷಗಳ ಹಿಂದೆ, ಡೆವೋನಿಯನ್ ಯುಗದ ಸಮುದ್ರತಳದಲ್ಲಿ ಕೂತ ಕೆಸರು ಗಟ್ಟಿಯಾಗಿ ಅದು ರೂಪುಗೊಂಡಿತು. ನ್ಯೂಯಾರ್ಕ್ ರಾಜ್ಯದ ಮಾರ್ಸೆಲಸ್ ಎಂಬ ಊರಿನ ಬಳಿ ಈ ಕಲ್ಲು ನೆಲದ ಮೇಲೆಯೇ ಕಾಣುತ್ತದೆ. ಹೆಸರು ಬಂದದ್ದು ಅಲ್ಲಿಂದ. ದಕ್ಷಿಣಕ್ಕೆ ಹೋದಂತೆ ಪದರ ಆಳಕ್ಕೆ ಇಳಿಯುತ್ತದೆ. ಪೆನ್ಸಿಲ್ವೇನಿಯಾದ ಬಹುಭಾಗದಲ್ಲಿ ಅದು 5,000ದಿಂದ 9,000 ಅಡಿ ಕೆಳಗಿದೆ. ಅದರಲ್ಲಿ ಅನಿಲವಿದೆಯೆಂಬುದು ಭೂವಿಜ್ಞಾನಿಗಳಿಗೆ ಬಹುಕಾಲದಿಂದ ಗೊತ್ತಿತ್ತು. ಆದರೆ ಕಲ್ಲಿನ ಸೂಕ್ಷ್ಮ ರಂಧ್ರಗಳು ಒಂದಕ್ಕೊಂದು ಕೂಡಿಕೊಂಡಿಲ್ಲವಾದ್ದರಿಂದ ಅನಿಲ ಬಾವಿಯತ್ತ ಹರಿದು ಬರುತ್ತಿರಲಿಲ್ಲ.

ನೀರಿನ ಒತ್ತಡದಿಂದ ಶಿಲೆಯನ್ನು ಸೀಳುವ ಫ್ರ್ಯಾಕಿಂಗ್ ವಿಧಾನ 1940ರ ದಶಕದ್ದು. 1990ರ ದಶಕದ ಕೊನೆಗೆ ಟೆಕ್ಸಸ್‌ನ ಬಾರ್ನೆಟ್ ಶೇಲ್‌ನಲ್ಲಿ ಜಾರ್ಜ್ ಮಿಚೆಲ್ ಅವರ ಕಂಪನಿ ಅದನ್ನು ಅಗ್ಗವಾಗಿಸಿತು. ನೆಲದಾಳದಲ್ಲಿ ಅಡ್ಡಡ್ಡ ಕೊರೆಯುವ ತಂತ್ರ ಆಮೇಲೆ ಅದರೊಂದಿಗೆ ಸೇರಿತು. ಒಂದೊಂದು ಬಾವಿಗೆ ಒಂದು ಕೋಟಿ ಲೀಟರಿಗೂ ಹೆಚ್ಚು ನೀರನ್ನು ಮರಳು ಮತ್ತು ಅಲ್ಪಪ್ರಮಾಣದ ರಾಸಾಯನಿಕಗಳೊಂದಿಗೆ ಒತ್ತಿ ಕಳಿಸಲಾಗುತ್ತದೆ. ಬಿರುಕಿನಲ್ಲಿ ಸಿಕ್ಕಿಕೊಂಡ ಮರಳು ಬಿರುಕು ಮುಚ್ಚದಂತೆ ತಡೆಯುತ್ತದೆ. ಪೆನ್ಸಿಲ್ವೇನಿಯಾದ ವಾಷಿಂಗ್ಟನ್ ಕೌಂಟಿಯಲ್ಲಿ ರೇಂಜ್ ರಿಸೋರ್ಸಸ್ ಕಂಪನಿ 2004ರಲ್ಲಿ ಈ ಪ್ರಯೋಗ ಮಾಡಿತು. 2008ರ ಆರಂಭದಲ್ಲಿ ಟೆರಿ ಎಂಗಲ್ಡರ್ ಮತ್ತು ಗ್ಯಾರಿ ಲ್ಯಾಶ್ ಎಂಬ ಇಬ್ಬರು ಭೂವಿಜ್ಞಾನಿಗಳು ಮಾರ್ಸೆಲಸ್‌ನಲ್ಲಿ ಸುಮಾರು 500 ಲಕ್ಷ ಕೋಟಿ ಘನ ಅಡಿ ಅನಿಲವಿದೆಯೆಂದು ಅಂದಾಜಿಸಿದ ಮೇಲೆ ಭೂಮಿಯ ಗುತ್ತಿಗೆಗೆ ನೂಕುನುಗ್ಗಲು ಶುರುವಾಯಿತು.

ಈ ನೂಕುನುಗ್ಗಲಿನ ಬೇರು ಅಮೆರಿಕದ ಆಸ್ತಿ ಕಾನೂನಿನಲ್ಲಿದೆ. ಭಾರತದ ರೈತನ ಹೊಲದಡಿ ಅನಿಲ ಸಿಕ್ಕರೆ ಅದು ಸರ್ಕಾರದ್ದು. ಪೆನ್ಸಿಲ್ವೇನಿಯಾದಲ್ಲಿ ಅದು ರೈತನದೇ, ಹಿಂದಿನ ಮಾಲೀಕರು ಯಾರೂ ಖನಿಜದ ಹಕ್ಕನ್ನು ಬೇರ್ಪಡಿಸಿ ಮಾರಿರದಿದ್ದರೆ. ಹಾಗೆ ಮಾರಿದ್ದರೆ ಹೊಲದಲ್ಲಿ ಯಂತ್ರ ಬಂದು ನಿಲ್ಲುತ್ತದೆ, ಹಣ ಮಾತ್ರ ಬೇರೆಯವರಿಗೆ ಸೇರುತ್ತದೆ. ಕಂಪನಿಗಳ ಪರವಾಗಿ ಮನೆಮನೆಗೆ ತಿರುಗಿ ಕರಾರು ಮಾಡಿಸಿದ ಲ್ಯಾಂಡ್‌ಮನ್‌ಗಳು ಆರಂಭದಲ್ಲಿ ಎಕರೆಗೆ 25 ಡಾಲರ್ ಮುಂಗಡ ಕೊಟ್ಟದ್ದುಂಟು. ಕೆಲವೇ ವರ್ಷಗಳಲ್ಲಿ ಅದು ಕೆಲವೆಡೆ 5,000 ಡಾಲರ್ ಮುಟ್ಟಿತು. ನೂರು ಎಕರೆಯ ಹೈನುಗಾರ ಕುಟುಂಬವೊಂದಕ್ಕೆ ಮೊದಲ ದರದಲ್ಲಿ ದಕ್ಕುವುದು 2,500 ಡಾಲರ್, ಎರಡನೆಯ ದರದಲ್ಲಿ 5 ಲಕ್ಷ ಡಾಲರ್. ಬೇಲಿಯ ಈಚೆ ಆಚೆ ಮಣ್ಣು ಒಂದೇ, ಕೆಳಗಿನ ಕಲ್ಲೂ ಒಂದೇ. ವ್ಯತ್ಯಾಸ ಮಾಡಿದ್ದು ಸಹಿ ಹಾಕಿದ ತಾರೀಕು. ಫ್ರ್ಯಾಕಿಂಗ್‌ನ ಸ್ಥಳೀಯ ಲಾಭನಷ್ಟಗಳನ್ನು ಭೂವಿಜ್ಞಾನಕ್ಕಿಂತ ಹೆಚ್ಚಾಗಿ ಕಾಗದಪತ್ರಗಳು ನಿರ್ಧರಿಸಿದವು ಎಂಬುದಕ್ಕೆ ಇದು ಮೊದಲ ಸಾಕ್ಷಿ.

ಎರಡನೆಯ ಸಾಕ್ಷಿ ರಾಯಲ್ಟಿಯ ಲೆಕ್ಕ. 1979ರ ರಾಜ್ಯ ಕಾನೂನಿನ ಪ್ರಕಾರ ಭೂಮಾಲೀಕನಿಗೆ ಕನಿಷ್ಠ ಎಂಟನೆಯ ಒಂದು ಪಾಲು ಸಲ್ಲಬೇಕು. ಹಳೆಯ ಲೆಕ್ಕದಲ್ಲಿ ರೂಪಾಯಿಗೆ ಎರಡಾಣೆ. ಯಾವ ಮೊತ್ತದ ಎಂಟನೆಯ ಒಂದು ಎಂಬುದನ್ನು ಆ ಕಾನೂನು ಬಿಡಿಸಿ ಹೇಳಿರಲಿಲ್ಲ. ಅನಿಲವನ್ನು ಒಟ್ಟುಗೂಡಿಸುವ, ಒತ್ತುವ, ಸಾಗಿಸುವ ವೆಚ್ಚವನ್ನು ಕಳೆದು ಉಳಿದದ್ದರಲ್ಲಿ ಪಾಲು ಕೊಟ್ಟರೂ ಸರಿಯೆಂದು ರಾಜ್ಯದ ಸುಪ್ರೀಂ ಕೋರ್ಟ್ 2010ರಲ್ಲಿ ತೀರ್ಪಿತ್ತಿತು. ಸಾವಿರ ಘನ ಅಡಿ ಅನಿಲ 2 ಡಾಲರಿಗೆ ಮಾರಾಟವಾಗಿ, ಅದರಲ್ಲಿ 1 ಡಾಲರ್ ವೆಚ್ಚವೆಂದು ಕಡಿತವಾದರೆ 25 ಸೆಂಟ್ ಬರಬೇಕಾದಲ್ಲಿ ಹನ್ನೆರಡೂವರೆ ಸೆಂಟ್ ಬರುತ್ತದೆ. ಅನಿಲದ ಬೆಲೆ ಬಿದ್ದಾಗಲೂ ಸಾಗಣೆಯ ವೆಚ್ಚ ಅಷ್ಟೇ ಇರುವುದರಿಂದ ಪಾಲು ಬೆಲೆಗಿಂತ ವೇಗವಾಗಿ ಕರಗುತ್ತದೆ. ಬೆಲೆ ಬಿದ್ದದ್ದೂ ಸಣ್ಣ ಪ್ರಮಾಣದಲ್ಲಲ್ಲ: 2008ರ ಮಧ್ಯದಲ್ಲಿ 12 ಡಾಲರ್ ದಾಟಿದ್ದ ಸಗಟು ದರ 2012ರ ಏಪ್ರಿಲ್‌ನಲ್ಲಿ 2 ಡಾಲರಿಗಿಂತ ಕೆಳಗಿಳಿಯಿತು. ವಕೀಲರನ್ನು ಇಟ್ಟುಕೊಂಡು, ನೆರೆಹೊರೆಯವರೊಡನೆ ಗುಂಪುಕಟ್ಟಿ ಚೌಕಾಸಿ ಮಾಡಿದವರು ಕಡಿತಕ್ಕೆ ಅವಕಾಶವಿಲ್ಲದ ಷರತ್ತು ಬರೆಸಿಕೊಂಡರು. ಒಂಟಿಯಾಗಿ ಸಹಿ ಹಾಕಿದವರಿಗೆ ಆ ರಕ್ಷಣೆ ಇರಲಿಲ್ಲ.

ಉದ್ಯೋಗದ ವಿಷಯದಲ್ಲಿ ರಾಜಕೀಯ ವೇದಿಕೆಯ ಮಾತಿಗೂ ಅರ್ಥಶಾಸ್ತ್ರಜ್ಞರ ಎಣಿಕೆಗೂ ಅಂತರವಿದೆ. ಗವರ್ನರ್ ಟಾಮ್ ಕಾರ್ಬೆಟ್ ಅವರ ಆಡಳಿತ ಎರಡು ಲಕ್ಷಕ್ಕೂ ಹೆಚ್ಚು ಉದ್ಯೋಗಗಳ ಲೆಕ್ಕ ಮುಂದಿಟ್ಟಿತು. ಆ ಸಂಖ್ಯೆಯಲ್ಲಿ ಲಾರಿ ಸಾಗಣೆಯಂತಹ ಪೂರಕ ಉದ್ದಿಮೆಗಳ ಎಲ್ಲ ಕೆಲಸಗಾರರೂ, ಅನಿಲಕ್ಕೆ ಸಂಬಂಧವಿಲ್ಲದವರೂ ಸೇರಿದ್ದರು. ಫೈರರ್, ಮನ್ಸೂರ್ ಮತ್ತು ಸ್ಯಾಸರ್ಡೋಟ್ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹತ್ತು ಲಕ್ಷ ಡಾಲರ್ ಮೌಲ್ಯದ ಹೊಸ ಉತ್ಪಾದನೆಯಿಂದ ಅದೇ ಕೌಂಟಿಯಲ್ಲಿ ಕೂಲಿ-ಸಂಬಳವಾಗಿ ಉಳಿದದ್ದು 80,000 ಡಾಲರ್. ಲಾಭ ನಿಜವಾದದ್ದೇ. ಬಾರ್ಟಿಕ್ ಮತ್ತು ಸಹಲೇಖಕರ 2019ರ ಅಧ್ಯಯನವು ಸದ್ದು, ಸಂಚಾರ, ಅಪರಾಧಗಳ ಹೊರೆಯನ್ನು ಕಳೆದ ಮೇಲೂ ಕುಟುಂಬವೊಂದಕ್ಕೆ ವರ್ಷಕ್ಕೆ ಸರಾಸರಿ 2,500 ಡಾಲರಿನ ನಿವ್ವಳ ಲಾಭ ಕಂಡಿತು. ಅದೇ ಅಧ್ಯಯನ ಹೇಳುವ ಇನ್ನೊಂದು ಮಾತು ಹೆಚ್ಚು ಗಮನ ಬೇಡುತ್ತದೆ: ಹತ್ತು ಶೇಲ್ ಪ್ರದೇಶಗಳನ್ನು ಹೋಲಿಸಿದಾಗ ಈ ಲಾಭ ಕೆಲವೆಡೆ 10,000 ಡಾಲರಿಗಿಂತ ಹೆಚ್ಚು, ಕೆಲವೆಡೆ ಸರಿಸುಮಾರು ಸೊನ್ನೆ.

ಸರಾಸರಿಯೊಳಗೆ ಅಡಗುವವರಲ್ಲಿ ಬಾಡಿಗೆದಾರರು ಮೊದಲಿಗರು. ಬ್ರಾಡ್‌ಫರ್ಡ್ ಕೌಂಟಿಯ ಟೊವಾಂಡದಂತಹ ಸಣ್ಣ ಪಟ್ಟಣಗಳಿಗೆ ಟೆಕ್ಸಸ್, ಒಕ್ಲಹೋಮಾಗಳಿಂದ ರಿಗ್ ಕೆಲಸಗಾರರು ಬಂದಾಗ ಮನೆ ಬಾಡಿಗೆ ಎರಡು-ಮೂರು ಪಟ್ಟಾಯಿತು. ಜಮೀನಿಲ್ಲದ ಬಡವರಿಗೆ ರಾಯಲ್ಟಿ ಇಲ್ಲ, ಬಾಡಿಗೆಯ ಹೊರೆ ಮಾತ್ರ ಇದೆ. ಒಂದು ಬಾವಿ ಸಿದ್ಧವಾಗುವುದರೊಳಗೆ ನೀರು, ಮರಳು ಹೊತ್ತ ಭಾರಿ ಲಾರಿಗಳು ಸಾವಿರಕ್ಕೂ ಹೆಚ್ಚು ಸಲ ಓಡಾಡುತ್ತವೆ. ಹಾಲಿನ ವಾಹನಕ್ಕೆಂದು ಹಾಕಿದ ಹಳ್ಳಿ ರಸ್ತೆಗಳು ಅದನ್ನು ತಾಳಲಿಲ್ಲ. 2012ರಲ್ಲಿ ಬೆಲೆ ಕುಸಿದಾಗ ರಿಗ್‌ಗಳು ಓಹಾಯೊದತ್ತ ಹೊರಟವು, ತುಂಬಿ ತುಳುಕುತ್ತಿದ್ದ ಹೋಟೆಲುಗಳು ಬರಿದಾದವು.

ನೀರಿನ ಪ್ರಶ್ನೆ ಡಿಮೊಕ್ ಎಂಬ ಹಳ್ಳಿಯ ಹೆಸರಿನೊಂದಿಗೆ ಬೆಸೆದುಕೊಂಡಿದೆ. ಸಸ್ಕ್ವೆಹಾನಾ ಕೌಂಟಿಯ ಈ ಊರಿನಲ್ಲಿ 2009ರ ಜನವರಿ 1ರಂದು ಕುಡಿಯುವ ನೀರಿನ ಬಾವಿಯೊಂದರಲ್ಲಿ ಸೇರಿಕೊಂಡಿದ್ದ ಮೀಥೇನ್ ಸಿಡಿದು ಮೇಲಿನ ಕಾಂಕ್ರೀಟ್ ಚಪ್ಪಡಿ ಹಾರಿಹೋಯಿತು. ಬೋರ್‌ವೆಲ್ ಕೊರೆಸಿದ ಯಾರಿಗೂ ಕೇಸಿಂಗ್ ಪೈಪು ಪರಿಚಿತ. ಅನಿಲ ಬಾವಿಯಲ್ಲಿ ಅದರ ಸುತ್ತಲಿನ ಸಿಮೆಂಟು ಸರಿಯಾಗಿ ಕೂರದಿದ್ದರೆ ಅನಿಲ ಸಂದಿಯಿಂದ ಮೇಲೇರಿ ಅಂತರ್ಜಲಕ್ಕೆ ಸೇರುತ್ತದೆ. ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಸಕ್ರಿಯ ಅನಿಲ ಬಾವಿಗಳ ಹತ್ತಿರದ ಕುಡಿಯುವ ನೀರಿನಲ್ಲಿ ಮೀಥೇನ್ ಸರಾಸರಿ 17 ಪಟ್ಟು ಹೆಚ್ಚಿರುವುದನ್ನು ಕಂಡರು, ಫ್ರ್ಯಾಕಿಂಗ್ ದ್ರವದ ಸುಳಿವು ಮಾತ್ರ ಅವರಿಗೆ ಸಿಗಲಿಲ್ಲ. ಶಿಲೆ ಸೀಳುವುದರಿಂದಲೇ ನೀರು ಕೆಟ್ಟಿತೆಂಬ ವಾದವೂ, ಏನೂ ಆಗಿಲ್ಲವೆಂಬ ವಾದವೂ ಈ ಫಲಿತಾಂಶದ ಮುಂದೆ ನಿಲ್ಲುವುದಿಲ್ಲ. ಡಿಮೊಕ್‌ನಲ್ಲಿ ಬಾವಿ ಕೊರೆದಿದ್ದ ಕ್ಯಾಬಟ್ ಕಂಪನಿಯ ಉತ್ತರಾಧಿಕಾರಿ ಕೊಟೆರಾ 2022ರ ನವೆಂಬರ್‌ನಲ್ಲಿ ಆರೋಪವನ್ನು ವಿರೋಧಿಸದೆ ನ್ಯಾಯಾಲಯಕ್ಕೆ ಶರಣಾಗಿ, ಸುಮಾರು 1.6 ಕೋಟಿ ಡಾಲರಿನ ಕುಡಿಯುವ ನೀರಿನ ಯೋಜನೆಯ ವೆಚ್ಚ ಭರಿಸಲು ಒಪ್ಪಿತು. ನೀರು ಕೆಟ್ಟ ಮನೆಗಳವರು ಹದಿಮೂರು ವರ್ಷ ಹೊರಗಿನ ನೀರನ್ನೇ ನೆಚ್ಚಿಕೊಳ್ಳಬೇಕಾದದ್ದು ಆಡಳಿತದ ಘೋರ ವೈಫಲ್ಯ. ಬಸಿರು-ಬಾಣಂತನದ ದಾಖಲೆಗಳೂ ಆತಂಕಕಾರಿ. ಪೆನ್ಸಿಲ್ವೇನಿಯಾದ 11 ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ಪರಿಶೀಲಿಸಿದ 2017ರ ಅಧ್ಯಯನವು, ಬಾವಿಯಿಂದ ಒಂದು ಕಿಲೋಮೀಟರಿನೊಳಗೆ ವಾಸವಿದ್ದ ತಾಯಂದಿರಲ್ಲಿ ಕಡಿಮೆ ತೂಕದ ಶಿಶು ಹುಟ್ಟುವ ಸಾಧ್ಯತೆ ಶೇ. 25ರಷ್ಟು ಹೆಚ್ಚಿತ್ತೆಂದು ತೋರಿಸಿತು.

ತೆರಿಗೆಯಲ್ಲಿ ಪೆನ್ಸಿಲ್ವೇನಿಯಾದ ದಾರಿ ವಿಚಿತ್ರ. ದೊಡ್ಡ ಅನಿಲ ಉತ್ಪಾದಕ ರಾಜ್ಯಗಳ ಪೈಕಿ ಹೊರತೆಗೆದ ಅನಿಲದ ಮೇಲೆ ತೆರಿಗೆ ಹಾಕದ ರಾಜ್ಯ ಅದೊಂದೇ. 2002ರ ನ್ಯಾಯಾಲಯದ ತೀರ್ಪಿನಿಂದಾಗಿ ನೆಲದಡಿಯ ಅನಿಲಕ್ಕೆ ಆಸ್ತಿ ತೆರಿಗೆಯೂ ಇಲ್ಲ. ಇದಕ್ಕೆ ಬದಲಾಗಿ 2012ರ ಆ್ಯಕ್ಟ್ 13 ಎಂಬ ಕಾನೂನು ಬಾವಿಯೊಂದಕ್ಕೆ ಇಷ್ಟೆಂದು ಪರಿಣಾಮ ಶುಲ್ಕ ವಿಧಿಸಿತು. ಬಾವಿಗೆ ವಯಸ್ಸಾದಂತೆ ಶುಲ್ಕ ಇಳಿಯುತ್ತದೆ. ಅನಿಲ ಎಷ್ಟು ಬಂದರೂ ವ್ಯತ್ಯಾಸವಿಲ್ಲ. ಹೆಚ್ಚಿನ ಪಾಲು ಕೌಂಟಿ, ಟೌನ್‌ಶಿಪ್‌ಗಳಿಗೆ ಸೇರಿ ರಸ್ತೆ, ಸೇತುವೆಗಳ ದುರಸ್ತಿಗೆ ನೆರವಾಯಿತು, ನೇರ ಪಾಲು ಶಾಲೆಗಳಿಗೆ ಸಿಗಲಿಲ್ಲ. ಗವರ್ನರ್ ಟಾಮ್ ವುಲ್ಫ್ 2015ರಿಂದ ಮತ್ತೆ ಮತ್ತೆ ಮುಂದಿಟ್ಟ ಉತ್ಪಾದನಾ ತೆರಿಗೆಯ ಪ್ರಸ್ತಾವ ಶಾಸನಸಭೆಯಲ್ಲಿ ಬಿದ್ದುಹೋಯಿತು. ಶುಲ್ಕದ ಹಣಕ್ಕೆ ಒಗ್ಗಿಕೊಂಡ ಗ್ರಾಮೀಣ ಪ್ರತಿನಿಧಿಗಳಿಗೆ ತೆರಿಗೆ ಬಂದರೆ ಹಣ ಫಿಲಡೆಲ್ಫಿಯಾದ ಪಾಲಾದೀತೆಂಬ ಅಳುಕಿತ್ತು.

ಅದೇ ಆ್ಯಕ್ಟ್ 13 ಇನ್ನೊಂದು ಕೆಲಸಕ್ಕೂ ಕೈಹಾಕಿತ್ತು: ವಾಸದ ಪ್ರದೇಶದಲ್ಲೂ ಬಾವಿ ಕೊರೆಯಲು ಎಡೆಮಾಡಿಕೊಟ್ಟು, ಸ್ಥಳೀಯ ಸಂಸ್ಥೆಗಳ ವಲಯ ನಿಯಮಗಳನ್ನು ಬದಿಗೆ ಸರಿಸಿತ್ತು. ರಾಬಿನ್ಸನ್ ಟೌನ್‌ಶಿಪ್ ಮತ್ತಿತರರು ಕೋರ್ಟಿಗೆ ಹೋದರು. 2013ರ ಡಿಸೆಂಬರ್‌ನಲ್ಲಿ ರಿಪಬ್ಲಿಕನ್ ಪಕ್ಷದವರೇ ಆದ ಮುಖ್ಯ ನ್ಯಾಯಮೂರ್ತಿ ರೊನಾಲ್ಡ್ ಕ್ಯಾಸ್ಟಿಲ್, ಶುದ್ಧ ಗಾಳಿ-ನೀರಿನ ಹಕ್ಕನ್ನು 1971ರಲ್ಲಿ ರಾಜ್ಯ ಸಂವಿಧಾನಕ್ಕೆ ಸೇರಿಸಿದ ವಿಧಿಯ ಆಧಾರದಲ್ಲಿ ಆ ಭಾಗವನ್ನು ಅನೂರ್ಜಿತಗೊಳಿಸುವ ಮುಖ್ಯ ಅಭಿಪ್ರಾಯ ಬರೆದರು.

ಗಡಿಯಾಚೆ ನ್ಯೂಯಾರ್ಕ್‌ನಲ್ಲಿ ಊರುಗಳೇ ಮೊದಲು ಹೆಜ್ಜೆಯಿಟ್ಟವು. ಡ್ರೈಡನ್ ಟೌನ್ 2011ರಲ್ಲಿ ವಲಯ ನಿಯಮದ ಮೂಲಕ ಕೊರೆತ ನಿಷೇಧಿಸಿತು. 2014ರ ಜೂನ್‌ನಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅದೇ ಡಿಸೆಂಬರ್ 17ರಂದು ಗವರ್ನರ್ ಆಂಡ್ರ್ಯೂ ಕ್ಯೂಮೊ ಅವರ ಆಡಳಿತ ಇಡೀ ರಾಜ್ಯಕ್ಕೆ ನಿಷೇಧ ಘೋಷಿಸಿತು. ಗಡಿಯಂಚಿನ ಭೂಮಾಲೀಕರಲ್ಲಿ ಹಲವರು ಇದನ್ನು ತಮ್ಮ ಆಸ್ತಿಯ ಮೇಲಿನ ದಾಳಿಯೆಂದೇ ಕಂಡರು. 2015ರಲ್ಲಿ ಅಲ್ಲಿನ ಕೆಲವು ಊರುಗಳು ಪೆನ್ಸಿಲ್ವೇನಿಯಾಕ್ಕೆ ಸೇರಿಕೊಳ್ಳುವ ಮಾತನ್ನೂ ಎತ್ತಿದವು.

ರಾಷ್ಟ್ರೀಯ ರಾಜಕಾರಣದಲ್ಲಿ ಪೆನ್ಸಿಲ್ವೇನಿಯಾದ ಮತಗಳ ತೂಕ ಎಷ್ಟೆಂಬುದು ಅಧ್ಯಕ್ಷ ಹುದ್ದೆಗೆ ಸ್ಪರ್ಧಿಸಿದ್ದ ಕಮಲಾ ಹ್ಯಾರಿಸ್ ಅವರ ನಿಲುವಿನ ಬದಲಾವಣೆಯಲ್ಲಿ ಕಾಣುತ್ತದೆ: 2019ರಲ್ಲಿ ಫ್ರ್ಯಾಕಿಂಗ್ ನಿಷೇಧದ ಪರ ಮಾತಾಡಿದ ಅವರು 2024ರಲ್ಲಿ ನಿಷೇಧಿಸುವುದಿಲ್ಲವೆಂದರು. ರಫ್ತು ಕೂಡ ಈ ತೂಕಕ್ಕೆ ಸೇರಿದೆ. ಭಾರತದ ಗೇಲ್ ಸಂಸ್ಥೆ ಲೂಯಿಸಿಯಾನಾದ ಸಬೀನ್ ಪಾಸ್ ಮತ್ತು ಮೇರಿಲ್ಯಾಂಡ್‌ನ ಕೋವ್ ಪಾಯಿಂಟ್ ನೆಲೆಗಳಿಂದ ದ್ರವೀಕೃತ ಅನಿಲ ಪಡೆಯಲು ದೀರ್ಘಾವಧಿ ಒಪ್ಪಂದ ಮಾಡಿಕೊಂಡಿತು. 2018ರ ಮಾರ್ಚ್‌ನಲ್ಲಿ ಅದರ ಮೊದಲ ಹಡಗು ದಾಭೋಲ್‌ಗೆ ಬಂತು. ಬೆಳಗಾವಿ, ಧಾರವಾಡ, ದಾವಣಗೆರೆಗಳ ಮೂಲಕ ಬೆಂಗಳೂರಿಗೆ ಸಾಗುವ ಅನಿಲ ಕೊಳವೆ ಹೊರಡುವುದು ಅದೇ ದಾಭೋಲ್‌ನಿಂದ.

ಗುತ್ತಿಗೆಯ ಕೊನೆ ಎಲ್ಲಿ ಎಂಬುದೂ ಕರಾರಿನಲ್ಲೇ ಇದೆ. ಐದು ವರ್ಷದ ಗುತ್ತಿಗೆಯೆಂದು ಬರೆದಿದ್ದರೂ, ಅಷ್ಟರೊಳಗೆ ಅನಿಲ ಹರಿಯತೊಡಗಿದರೆ ಹರಿಯುವಷ್ಟು ಕಾಲವೂ ಅದು ಊರ್ಜಿತ. ಎಕರೆಗೆ 25 ಡಾಲರಿಗೆ ಸಹಿ ಹಾಕಿದ ಕಾಗದ ಹೀಗೆ ಮೊಮ್ಮಕ್ಕಳ ಕಾಲಕ್ಕೂ ನಡೆಯುತ್ತದೆ. ಬತ್ತಿದ ಬಾವಿಯನ್ನು ಸಿಮೆಂಟಿನಿಂದ ಮುಚ್ಚುವ ಹೊಣೆ ಕಂಪನಿಯದು. ಅದಕ್ಕಾಗಿ ಕಂಪನಿಯೊಂದು ತನ್ನೆಲ್ಲ ಬಾವಿಗಳಿಗೂ ಸೇರಿ ಇಡಬೇಕಾದ ಠೇವಣಿಗೆ ಆ್ಯಕ್ಟ್ 13 ಹಾಕಿದ ಮಿತಿ 6 ಲಕ್ಷ ಡಾಲರ್. 1859ರಲ್ಲಿ ಟೈಟಸ್‌ವಿಲ್‌ನಲ್ಲಿ ಮೊದಲ ತೈಲಬಾವಿ ಕೊರೆದಂದಿನಿಂದ ಈ ರಾಜ್ಯದಲ್ಲಿ ಬಿಟ್ಟುಹೋದ ಬಾವಿಗಳನ್ನು ಸಾರ್ವಜನಿಕ ಹಣದಿಂದ ಮುಚ್ಚುವ ಕೆಲಸ ಇನ್ನೂ ಮುಗಿದಿಲ್ಲ.